ಕಲ್ಲಿನ ಸಾಲು, ಕೋಶದ ಪುಟ: ಮಡಿದ ಸೈನಿಕನ ಹೆಸರು ಎಲ್ಲಿ ಉಳಿಯಬೇಕು?

ದೇಶಕ್ಕಾಗಿ ಪ್ರಾಣ ನೀಗಿದ ಸೈನಿಕನೊಬ್ಬನ ಹೆಸರಿನಲ್ಲಿ ವಿಶ್ವಕೋಶದಲ್ಲಿ ಒಂದು ಲೇಖನ ಇರಬೇಕೆ, ಬೇಡವೆ ಎಂಬ ಪ್ರಶ್ನೆ ಈಗ ನಮ್ಮ ಊರಿನ ಅರಳಿಕಟ್ಟೆಯವರೆಗೂ ಬಂದಿದೆ. ಹಿಂದೆ ವಿಶ್ವಕೋಶವೆಂದರೆ ಮೈಸೂರು ವಿಶ್ವವಿದ್ಯಾನಿಲಯದವರು ಹೊರತಂದ ದಪ್ಪ ಸಂಪುಟಗಳು. ಅದರಲ್ಲಿ ಯಾರನ್ನು ಸೇರಿಸಬೇಕೆಂಬುದನ್ನು ಸಂಪಾದಕ ಮಂಡಲಿಯ ವಿದ್ವಾಂಸರು ನಿರ್ಧರಿಸುತ್ತಿದ್ದರು, ನಾವು ಓದುತ್ತಿದ್ದೆವು. 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿದ ಮೇಲೆ, 2003ರಲ್ಲಿ ಅದರ ಕನ್ನಡ ಆವೃತ್ತಿ ಬಂದ ಮೇಲೆ, ಆ ಅಧಿಕಾರ ಕೈಯಲ್ಲಿ ಫೋನು ಹಿಡಿದ ಪ್ರತಿಯೊಬ್ಬರಿಗೂ ದೊರಕಿದೆ. ಅಧಿಕಾರ ದೊರಕಿದಲ್ಲಿ ಹೊಣೆಯೂ ಬರುತ್ತದೆ. ನಮ್ಮ ಸಂಘದ ಕೆಲವು ತರುಣರು ಸೀಮೆಯ ಸೈನಿಕರ ಬಗ್ಗೆ ಇಂಥ ಲೇಖನಗಳನ್ನು ಬರೆಯಬೇಕೆಂದು ಹೊರಟಿದ್ದಾರೆ. 'ಪ್ರಾಣ ಕೊಟ್ಟವನಿಗಿಂತ ದೊಡ್ಡ ಅರ್ಹತೆ ಯಾರಿಗಿದೆ?' ಎಂಬುದು ಅವರ ಮಾತು. 'ಎಲ್ಲ ಹೆಸರುಗಳನ್ನೂ ಹಾಕಿದರೆ ಅದು ಕೋಶವಾಗುವುದಿಲ್ಲ, ಪಟ್ಟಿಯಾಗುತ್ತದೆ' ಎಂಬುದು ಹಿರಿಯರ ಮಾತು. ಎರಡೂ ಮಾತುಗಳಲ್ಲಿ ಸತ್ಯವಿದೆ. ಆದುದರಿಂದ ಈ ವಿಚಾರವನ್ನು ಇತಿಹಾಸದ ಬೆಳಕಿನಲ್ಲಿಟ್ಟು ನೋಡುವುದು ಒಳ್ಳೆಯದೆಂದು ನನಗೆ ತೋರಿದೆ.

ಮಡಿದವನ ಹೆಸರನ್ನು ಉಳಿಸುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಇಂದು ಅದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅದರ ಶಾಸನಗಳು ಮಾತ್ರ ಕನ್ನಡದಲ್ಲಿಯೇ ಮಾತನಾಡುತ್ತವೆ. ನೊಳಂಬರು, ಗಂಗರು, ರಾಷ್ಟ್ರಕೂಟರು, ಚಾಲುಕ್ಯರು ಆಳಿದ ನೆಲದಲ್ಲೆಲ್ಲ ವೀರಗಲ್ಲುಗಳಿವೆ. ತುರುಗಳನ್ನು ಹಿಡಿದೊಯ್ಯುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನು, ಊರಳಿವಿನಲ್ಲಿ ಸತ್ತವನು, ಒಡೆಯನ ಕಾಳಗದಲ್ಲಿ ಸತ್ತವನು, ಹೀಗೆ ಬಗೆಬಗೆಯ ಸಾವುಗಳಿಗೆ ಕಲ್ಲು ನಿಂತಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ಚಿತ್ರ, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ. ಎಷ್ಟೋ ಕಡೆ ಸತ್ತವನ ಮನೆಯವರಿಗೆ ನೆಲವನ್ನು ಬಿಟ್ಟುಕೊಟ್ಟುದನ್ನೂ ಕಲ್ಲು ಹೇಳುತ್ತದೆ. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಹೊಗಳಿಕೆಯ ಜೊತೆಗೆ ಸತ್ತವನ ಮನೆಯವರ ಅನ್ನದ ದಾರಿಯನ್ನೂ ನೋಡಿದ ಸಮಾಜ ಅದು.

ಆ ಕಲ್ಲನ್ನು ನಿಲ್ಲಿಸಬೇಕೆಂದು ನಿರ್ಧರಿಸಿದವರು ಯಾರು? ಮಗ, ತಮ್ಮ, ಹೆಂಡತಿ, ಊರಿನ ಮಹಾಜನರು, ಇಲ್ಲವೆ ಒಡೆಯ. ಅಂದರೆ ಆ ಸಾವಿನಿಂದ ನೊಂದವರು, ಅಥವಾ ಆ ಸಾವಿನಿಂದ ಉಳಿದುಕೊಂಡವರು. ಅವರು ಸಾಕ್ಷಿಯನ್ನು ಕೇಳಲಿಲ್ಲ; ಕೇಳುವ ಅಗತ್ಯವೂ ಇರಲಿಲ್ಲ. ಕಾಳಗವನ್ನು ಊರೇ ಕಂಡಿತ್ತು. ಅವರು ಕೊರೆಯಿಸಿದ್ದು ತಮ್ಮ ಕೃತಜ್ಞತೆಯನ್ನು. ವೀರಗಲ್ಲಿನ ಮುಂದೆ 'ಇವನಿಗೆ ಅರ್ಹತೆ ಇದೆಯೆ?' ಎಂದು ಯಾರೂ ವಾದ ಹೂಡುವುದಿಲ್ಲ. ಸ್ಮಾರಕದ ಲಕ್ಷಣವೇ ಅದು.

ಹೀಗೆ ಕೇವಲ ಊರಿನ ಕೃತಜ್ಞತೆಯಿಂದ ನಿಂತ ಕಲ್ಲುಗಳು ಮುಂದೆ ಎಂಥ ಉಪಕಾರ ಮಾಡಿದವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು ಬೇಗೂರಿನದು. ಕ್ರಿ.ಶ. 900ರ ಆಸುಪಾಸಿನ ಬೇಗೂರು ವೀರಗಲ್ಲು ಗಂಗ ದೊರೆ ಎರೆಯಪ್ಪನ ಆಣತಿಯಂತೆ ಅಯ್ಯಪದೇವನ ನೆರವಿಗೆ ಹೋಗಿ ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನದು. ಈ ಅಯ್ಯಪದೇವನನ್ನು ವಿದ್ವಾಂಸರು ನೊಳಂಬ ದೊರೆಯೆಂದು ಗುರುತಿಸಿದ್ದಾರೆ. ಎಂದರೆ ನಮ್ಮ ಹೆಂಜೇರಿನ ಅರಸು ಮನೆತನಕ್ಕಾಗಿ ಬೇಗೂರಿನ ನಾಯಕನೊಬ್ಬ ನೆತ್ತರು ಚೆಲ್ಲಿದ. ಅದೇ ಬೇಗೂರಿನ ದೇವಾಲಯದಲ್ಲಿ ಇನ್ನೊಂದು ಶಾಸನವಿದೆ. ಅದು ನಾಗತ್ತರನ ಮನೆಗೆ ಸೇರಿದ ಒಬ್ಬ ಭಟ ಬೆಂಗಳೂರಿನ ಕಾಳಗದಲ್ಲಿ ಸತ್ತುದನ್ನು ಹೇಳುತ್ತದೆ. ಇಂದು ಲೋಕವೆಲ್ಲ ಬಲ್ಲ ಆ ಮಹಾನಗರದ ಹೆಸರು ನಮಗೆ ಮೊತ್ತಮೊದಲು ಸಿಗುವುದು ಈ ಕಲ್ಲಿನಲ್ಲಿ. ಒಬ್ಬ ಆಳಿನ ಸಾವನ್ನು ಯಾರೂ ಬರೆಯದೆ ಬಿಟ್ಟಿದ್ದರೆ ನಗರದ ಹೆಸರಿನ ಪ್ರಾಚೀನತೆಯೂ ಅವನೊಡನೆ ಮಣ್ಣಾಗುತ್ತಿತ್ತು.

ಎರಡನೆಯದು ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರ ಕಾಲದ್ದು. ಗಂಗ ಬೂತುಗನು ತನ್ನ ವೀರನಾದ ಮಣಲೆರನಿಗೆ ಮೆಚ್ಚಿಗೆಯಾಗಿ ಕಾಳಿ ಎಂಬ ನಾಯಿಯನ್ನು ಕೊಟ್ಟನು. ಆ ನಾಯಿ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಅದರ ಪೂಜೆಗೆ ದತ್ತಿಯೂ ನಡೆಯಿತು. ನಾಯಿಯ ನೆಪದಲ್ಲಿ ಆ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನೊಡನೆ ತಕ್ಕೋಲದಲ್ಲಿ ಮಾಡಿದ ಯುದ್ಧದ ವೃತ್ತಾಂತವನ್ನೂ ಹೇಳಿತು. ದಕ್ಷಿಣ ಭಾರತದ ಇತಿಹಾಸ ಬರೆಯುವವರು ಇಂದಿಗೂ ಆ ಕಲ್ಲಿನ ಬಳಿಗೆ ಬರಬೇಕು. ನಾಯಿಯ ಸ್ಮಾರಕ ಸಾಮ್ರಾಜ್ಯಗಳ ಚರಿತ್ರೆಗೆ ಆಧಾರವಾಯಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ವೀರಗಲ್ಲು ತಾನಾಗಿಯೇ ಚರಿತ್ರೆಯಲ್ಲ. ಅದು ಚರಿತ್ರೆಗೆ ಆಧಾರ. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ ಮೇಲೆ, ಎಂ. ಚಿದಾನಂದಮೂರ್ತಿಯವರಂಥ ವಿದ್ವಾಂಸರು ಅವುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಅಭ್ಯಾಸ ಮಾಡಿದ ಮೇಲೆ, ಕಲ್ಲಿನ ಮಾತು ಪುಸ್ತಕದ ಮಾತಾಯಿತು. ನಮ್ಮ ಅನಂತಪುರ, ಬಳ್ಳಾರಿ ಸೀಮೆಯ ಕನ್ನಡ ಶಾಸನಗಳೂ ಮದ್ರಾಸು ಪ್ರಾಂತ್ಯದ ಕಾಲದಲ್ಲಿ 'ದಕ್ಷಿಣ ಭಾರತದ ಶಾಸನಗಳು' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಮೊದಲು ಊರು ಬರೆಯಿತು. ಆಮೇಲೆ ಪಂಡಿತ ಪರಿಶೀಲಿಸಿದ. ಕೊನೆಗೆ ಕೋಶಕಾರ ಸಂಗ್ರಹಿಸಿದ. ಈ ಮೂರು ಮೆಟ್ಟಿಲುಗಳ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಈಗ ವಿಕಿಪೀಡಿಯದ ಕಟ್ಟಳೆಗೆ ಬರೋಣ. ಅಲ್ಲಿ ವ್ಯಕ್ತಿಯೊಬ್ಬನ ಬಗ್ಗೆ ಪ್ರತ್ಯೇಕ ಲೇಖನ ಇರಬೇಕಾದರೆ ಗಮನಾರ್ಹತೆ ಎಂಬ ಪರೀಕ್ಷೆಯಿದೆ. ಅದರ ತಿರುಳು ಇಷ್ಟು: ಆ ವ್ಯಕ್ತಿಯ ಬಗ್ಗೆ, ಅವನಿಗೆ ಸಂಬಂಧಪಡದ ಇತರರು, ನಂಬಲರ್ಹವಾದ ಪ್ರಕಟಣೆಗಳಲ್ಲಿ, ಹೆಸರನ್ನು ಹೇಳಿ ಮುಂದಕ್ಕೆ ಹೋಗದೆ, ಸಾಕಷ್ಟು ವಿವರವಾಗಿ ಬರೆದಿರಬೇಕು. ಸೈನಿಕರಿಗೆಂದೇ ಬಹುಕಾಲ ಇನ್ನೊಂದು ಅಳತೆಗೋಲು ಬಳಕೆಯಲ್ಲಿತ್ತು. ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿ ಪಡೆದವರು, ಜನರಲ್ ದರ್ಜೆಯ ಅಧಿಕಾರಿಗಳು, ಮುಖ್ಯ ಯುದ್ಧದಲ್ಲಿ ಮಹತ್ವದ ಪಾತ್ರ ವಹಿಸಿದವರು ಇಂಥವರ ಬಗ್ಗೆ ಆಧಾರಗಳು ಇದ್ದೇ ಇರುತ್ತವೆಂದು ಊಹಿಸುವುದು ಆ ಕ್ರಮ. 2021ರಲ್ಲಿ ಅದನ್ನು ಕೈಬಿಡಲಾಯಿತು. ಪದವಿಯನ್ನೋ ಪದಕವನ್ನೋ ನೋಡಿ ಊಹಿಸುವುದು ಬೇಡ, ಎಲ್ಲರಿಗೂ ಇರುವ ಪರೀಕ್ಷೆಯೇ ಸೈನಿಕನಿಗೂ ಇರಲಿ ಎಂಬುದು ಈಗಿನ ನಿಲುವು. ಯಾರಾದರೂ ಆಕ್ಷೇಪಿಸಿದರೆ ಇಂಗ್ಲಿಷ್ ಆವೃತ್ತಿಯಲ್ಲಿ ಸುಮಾರು ಏಳು ದಿನ ಚರ್ಚೆ ನಡೆಯುತ್ತದೆ. ಅದು ಮತದಾನವಲ್ಲ, ನೂರು ಜನ ಕೈ ಎತ್ತಿದರೂ ಆಧಾರವಿಲ್ಲದಿದ್ದರೆ ಲೇಖನ ನಿಲ್ಲುವುದಿಲ್ಲ. ಉಳಿಸುವುದು, ಅಳಿಸುವುದು ಎಂಬ ಎರಡರ ನಡುವೆ ಮೂರನೆಯ ದಾರಿಯೂ ಇದೆ: ಸಂಬಂಧಪಟ್ಟ ಯುದ್ಧದ ಅಥವಾ ಘಟನೆಯ ಲೇಖನದಲ್ಲಿ ಆ ಹೆಸರನ್ನು ಸೇರಿಸುವುದು. ಇನ್ನೊಂದು ಮಾತನ್ನು ಅಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ: ವಿಕಿಪೀಡಿಯ ಸ್ಮಾರಕವಲ್ಲ.

ಈ ಕೊನೆಯ ಮಾತು ಕೇಳಲು ಕಠೋರ. ಮಗನನ್ನು ಕಳೆದುಕೊಂಡ ತಾಯಿಯ ಎದುರು ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಾರದು. ಆದರೂ ಅದರ ಒಳಗಿನ ನ್ಯಾಯವನ್ನು ಒಂದು ನಿಜಸಂಗತಿಯಿಂದ ತಿಳಿಯಬಹುದು. ಅದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಸಂಗತಿ.

1965ರ ಸೆಪ್ಟೆಂಬರ್ 7ರಂದು ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ದೇವಯ್ಯನವರು ಆ ದಿನ ಕಾಯ್ದಿರಿಸಿದ ಚಾಲಕರಾಗಿದ್ದರು. ತಂಡದ ಒಂದು ವಿಮಾನ ಹಿಂದುಳಿದುದರಿಂದ ಅದರ ಸ್ಥಾನವನ್ನು ಅವರು ತುಂಬಿದರು. ದಾಳಿಯ ನಂತರ ಅವರು ಹಿಂತಿರುಗಲಿಲ್ಲ. ಏನಾಯಿತೆಂಬುದನ್ನು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಮರಳಿ ಬಾರದ ಚಾಲಕ ಎಂಬಷ್ಟೇ ಅವರ ದಾಖಲೆಯಾಗಿ ಉಳಿಯಿತು. ವರುಷಗಳು ಕಳೆದವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ, ಪಾಕಿಸ್ತಾನದ ವಾಯುಪಡೆಯಿಂದ ದೊರೆತ ಮಾಹಿತಿಯನ್ನು ಆಧರಿಸಿ, ಆ ಯುದ್ಧದ ವೈಮಾನಿಕ ಹೋರಾಟದ ಬಗ್ಗೆ ಪುಸ್ತಕ ಬರೆದ. ಸರ್ಗೋಧಾದಿಂದ ಮರಳುತ್ತಿದ್ದ ಒಂದು ಮಿಸ್ಟೇರನ್ನು ತಮ್ಮ ಸ್ಟಾರ್‌ಫೈಟರ್ ಅಡ್ಡಗಟ್ಟಿತೆಂದೂ, ಪೆಟ್ಟು ತಿಂದರೂ ಆ ಮಿಸ್ಟೇರ್ ತಿರುಗಿ ನಿಂತು ಹೋರಾಡಿತೆಂದೂ, ಶಬ್ದಕ್ಕಿಂತ ಎರಡು ಪಟ್ಟು ವೇಗದ ತಮ್ಮ ವಿಮಾನವೇ ಉರುಳಿ ಅದರ ಚಾಲಕ ಅಮ್ಜದ್ ಹುಸೇನ್ ಧುಮುಕಬೇಕಾಯಿತೆಂದೂ ಎದುರಾಳಿಗಳ ಕಡೆಯಿಂದಲೇ ತಿಳಿದುಬಂತು. ನಮ್ಮ ವಾಯುಪಡೆಯವರು ಅದನ್ನು ತಮ್ಮ ದಾಖಲೆಗಳೊಡನೆ ತಾಳೆ ನೋಡಿದರು. ಆ ಮಿಸ್ಟೇರಿನ ಚಾಲಕ ದೇವಯ್ಯನವರಲ್ಲದೆ ಬೇರೆಯವರಾಗಿರಲು ಸಾಧ್ಯವಿರಲಿಲ್ಲ. 1988ರಲ್ಲಿ, ಅಂದರೆ ಇಪ್ಪತ್ತಮೂರು ವರುಷಗಳ ಮೇಲೆ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ಈಗ ಯೋಚಿಸಿ ನೋಡಿ. 1970ರಲ್ಲಿ ಇಂಥದೊಂದು ವಿಶ್ವಕೋಶ ಇದ್ದು, ದೇವಯ್ಯನವರ ಬಗ್ಗೆ ಯಾರಾದರೂ ಲೇಖನ ಬರೆದಿದ್ದರೆ ಅದು ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲ. 1990ರಲ್ಲಿ ಬರೆದಿದ್ದರೆ? ಯಾವ ಆಕ್ಷೇಪವೂ ಇಲ್ಲದೆ ನಿಲ್ಲುತ್ತಿತ್ತು. ಈ ನಡುವೆ ಆ ವೀರರ ಶೌರ್ಯದಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚು ಕಡಿಮೆ ಆಗಲಿಲ್ಲ. ಬದಲಾದುದು ಆಧಾರ. ಹಾಗಾದರೆ ಕೋಶದವರು ತೂಗುವುದು ಮನುಷ್ಯನನ್ನಲ್ಲ, ಅವನ ಬಗ್ಗೆ ಇರುವ ದಾಖಲೆಯನ್ನು. 'ಇವರಿಗೆ ಲೇಖನದ ಅರ್ಹತೆ ಇಲ್ಲ' ಎಂದು ಯಾರಾದರೂ ಹೇಳಿದರೆ ನಾವು ಅದನ್ನು 'ಇವರ ತ್ಯಾಗಕ್ಕೆ ಬೆಲೆಯಿಲ್ಲ' ಎಂದು ಕೇಳಿಸಿಕೊಳ್ಳುತ್ತೇವೆ. ಅರ್ಹತೆ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಇದು: ಈ ಮನುಷ್ಯನ ಬಗ್ಗೆ, ಪರೀಕ್ಷಿಸಿ ನೋಡಬಹುದಾದ ಬರೆಹ ಒಂದು ಲೇಖನಕ್ಕೆ ಸಾಕಾಗುವಷ್ಟು ಇದೆಯೆ? ದೇವಯ್ಯನವರ ಸಂಗತಿಯಲ್ಲಿ ಸಾಕ್ಷಿ ಹೇಳಿದವರು ಎದುರಾಳಿಗಳು. ಸಂಬಂಧಪಡದವರ ಮಾತು ಬೇಕೆಂಬ ನಿಯಮದ ಬೆಲೆ ಅಲ್ಲಿಯೇ ಗೊತ್ತಾಗುತ್ತದೆ. ನಮ್ಮವರೇ ಹೊಗಳಿದ್ದರೆ ಅಭಿಮಾನದ ಮಾತೆಂದು ತಳ್ಳಿಹಾಕಬಹುದಾಗಿತ್ತು. ಶತ್ರುವಿನ ಬಾಯಿಂದ ಬಂದುದನ್ನು ತಳ್ಳಿಹಾಕುವವರಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡದಿದ್ದರೆ ನ್ಯಾಯವಾಗದು. ನಿಯಮವು ಎಲ್ಲರಿಗೂ ಸಮಾನ ನಿಜ. ಆದರೆ ನಿಯಮವು ಕೇಳುವ ಆಧಾರಗಳು ಎಲ್ಲರಿಗೂ ಸಮಾನವಾಗಿ ಹುಟ್ಟಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳು ಗೆದ್ದವು. ಭರ್ಜಿ ಹಿಡಿದು ಕುದುರೆಯೇರಿದವರು ಫಿರಂಗಿ, ಮೆಷಿನ್‌ಗನ್ನುಗಳ ಎದುರು ನುಗ್ಗಿ 1,350 ಜನರನ್ನು ಸೆರೆಹಿಡಿದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿದ್ದ ಫಿರಂಗಿಗಳತ್ತ ಸಾಗಿತು. ನಮ್ಮ ಕಡೆ ಸತ್ತವರು ಎಂಟು ಜನ, ಗಾಯಗೊಂಡವರು 34 ಜನ. ಅವರಲ್ಲಿ ಜೋಧಪುರದ ಮೇಜರ್ ದಲಪತ್ ಸಿಂಗರ ಹೆಸರು ಪ್ರಸಿದ್ಧವಾಗಿದೆ. ಅದು ತಕ್ಕುದೇ ಆಗಿದೆ. ಅವರು ಅಧಿಕಾರಿ, ಅವರ ಬಗ್ಗೆ ವರದಿಗಳು, ಪದಕಪತ್ರ, ಭಾವಚಿತ್ರ ಇವೆ. ಅದೇ ನೆಲದಲ್ಲಿ ಬಿದ್ದ ಸಾಮಾನ್ಯ ಸವಾರನ ಬಗ್ಗೆ ಒಂದು ಪುಟ ಬರೆಯಲೂ ಸಾಮಗ್ರಿಯಿಲ್ಲ. ದೆಹಲಿಯ ತೀನ್ ಮೂರ್ತಿಯಲ್ಲಿ ಜೋಧಪುರ, ಹೈದರಾಬಾದು, ಮೈಸೂರು ದಳಗಳ ನೆನಪಿಗೆ ಮೂರು ಪ್ರತಿಮೆಗಳಿವೆ. ಪ್ರತಿಮೆ ಸೈನಿಕನದು, ಹೆಸರು ಸಂಸ್ಥಾನದ್ದು.

ಇದು ಕಾಲದ ಮರೆವು ಮಾತ್ರವಲ್ಲ. 1917ರಲ್ಲಿ ಬ್ರಿಟಿಷರು ಯುದ್ಧ ಸಮಾಧಿಗಳ ಆಯೋಗವನ್ನು ಸ್ಥಾಪಿಸಿದಾಗ ಪದವಿ, ಜಾತಿ, ಮತ ನೋಡದೆ ಸತ್ತ ಪ್ರತಿಯೊಬ್ಬನನ್ನೂ ಹೆಸರಿನಿಂದಲೇ ಸ್ಮರಿಸಬೇಕೆಂಬ ಉದಾತ್ತ ತತ್ತ್ವವನ್ನು ಸಾರಿದರು. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೊರೆದರು. ಆದರೆ ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷರಲ್ಲಿ ಎಲ್ಲರ ಹೆಸರು, ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ. ಸಿಪಾಯಿಗಳಿಗೆ ದಳವಾರು ಸಂಖ್ಯೆ. ಆ ಆಯೋಗವೇ ನೇಮಿಸಿದ ಸಮಿತಿಯೊಂದು 2021ರಲ್ಲಿ ವರದಿ ಕೊಟ್ಟು, ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು, ಬಹುಶಃ ಮೂರೂವರೆ ಲಕ್ಷದಷ್ಟು ಜನರನ್ನು, ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದು ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಆಫ್ರಿಕದವರು ಮತ್ತು ಮಧ್ಯಪ್ರಾಚ್ಯದವರು. ಇನ್ನೂ 45,000ದಿಂದ 54,000 ಜನರ ಸ್ಮರಣೆ ಇತರರಿಗೆ ಸಮಾನವಾಗಿ ನಡೆದಿಲ್ಲವೆಂದೂ ಹೇಳಿತು. ಇವರಲ್ಲಿ ಭಾರತೀಯರೂ ಇದ್ದಾರೆ. ಆಯೋಗ ಅದಕ್ಕಾಗಿ ಕ್ಷಮೆಯನ್ನೂ ಕೇಳಿತು. ಹೆಸರು ಇಲ್ಲದಿರುವುದು ಎಷ್ಟೋ ವೇಳೆ ಯಾರೋ ಮೇಜಿನ ಮುಂದೆ ಕುಳಿತು ಮಾಡಿದ ತೀರ್ಮಾನ. ಅಂದು ಹೆಸರು ಬರೆಯದೆ ಬಿಟ್ಟವನ ಬಗ್ಗೆ ಇಂದು 'ಆಧಾರವಿಲ್ಲ, ಆದ್ದರಿಂದ ಲೇಖನವಿಲ್ಲ' ಎಂದರೆ ಹಳೆಯ ಅನ್ಯಾಯಕ್ಕೆ ಹೊಸ ಮುದ್ರೆ ಒತ್ತಿದಂತಾಗುವುದಿಲ್ಲವೆ ಎಂದು ತರುಣರು ಕೇಳುವುದು ಸಹಜ.

ಗಡಿನಾಡಿನವರಾದ ನಮಗೆ ಈ ನೋವು ಇನ್ನೊಂದು ಬಗೆಯಲ್ಲಿಯೂ ತಟ್ಟುತ್ತದೆ. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು 1953ರವರೆಗೆ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಅವು ಆಂಧ್ರಕ್ಕೂ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೂ ಹೋದವು. ಅದಕ್ಕೆ ಮುಂಚೆ ಸೈನ್ಯ ಸೇರಿ ಮಡಿದ ರಾಯದುರ್ಗದ ಯುವಕ ಹಳೆಯ ಕಡತದಲ್ಲಿ 'ಬಳ್ಳಾರಿ ಜಿಲ್ಲೆ, ಮದ್ರಾಸು' ಎಂದು ಕುಳಿತಿರುತ್ತಾನೆ. ಕರ್ನಾಟಕದ ಬಳ್ಳಾರಿಯಲ್ಲಿ ಹುಡುಕಿದರೆ ಅವನ ಊರು ಸಿಗುವುದಿಲ್ಲ. ಆಂಧ್ರದಲ್ಲಿ ಹುಡುಕಿದರೆ ಬಳ್ಳಾರಿ ಸಿಗುವುದಿಲ್ಲ. ಹೆಸರಿನ ಪಾಡೂ ಹಾಗೆಯೇ. ಮನೆಯಲ್ಲಿ ಕನ್ನಡದ ಉಚ್ಚಾರ, ಶಾಲೆಯ ದಾಖಲೆಯಲ್ಲಿ ತೆಲುಗಿನ ಕಾಗುಣಿತ, ಸೈನ್ಯದ ಕಡತದಲ್ಲಿ ಇಂಗ್ಲಿಷಿನ ಕಾಗುಣಿತ. ಒಂದು ಕಡೆ ಮನೆತನದ ಹೆಸರು ಮುಂದೆ, ಇನ್ನೊಂದು ಕಡೆ ತಂದೆಯ ಹೆಸರು ಹಿಂದೆ, ಮತ್ತೊಂದು ಕಡೆ ಒಂದೇ ಅಕ್ಷರದ ಸಂಕ್ಷೇಪ. ಮೂವತ್ತು ವರುಷ ಹಾಜರಿ ಪುಸ್ತಕ ಬರೆದ ನನ್ನಂಥವನಿಗೆ ಈ ಒಬ್ಬ ಹುಡುಗ ಮೂವರಾಗುವ ಚಮತ್ಕಾರ ಹೊಸದಲ್ಲ. ಸಾವಿನ ಸುದ್ದಿಯನ್ನು ಕನ್ನಡ ಪತ್ರಿಕೆ ಆಂಧ್ರದ ಸೈನಿಕನೆಂದು ನಾಲ್ಕು ಸಾಲಿನಲ್ಲಿ ಮುಗಿಸಬಹುದು. ತೆಲುಗು ಪತ್ರಿಕೆಯಲ್ಲಿ ಬಂದರೂ ಅದು ಸಂಘದ ಕಪಾಟಿಗೆ ಬರುವುದಿಲ್ಲ. ಎರಡು ರಾಜ್ಯಗಳ ನಡುವೆ ಬದುಕುವವನು ಸತ್ತ ಮೇಲೂ ಎರಡರ ನಡುವೆಯೇ ಉಳಿಯುತ್ತಾನೆ.

ಹಾಗಾದರೆ ನಿಯಮವನ್ನು ಸಡಿಲಿಸಬೇಕೆ? ನನ್ನ ಅಭಿಪ್ರಾಯದಲ್ಲಿ ಬೇಡ. ನಿಯಮವನ್ನು ಸಡಿಲಿಸಿದರೆ ಮೊದಲು ಒಳಗೆ ಬರುವವರು ನಮ್ಮ ಬಡ ಸಿಪಾಯಿಗಳಲ್ಲ. ಪ್ರಚಾರದ ಬಲವಿದ್ದವರು, ತಮ್ಮ ತಾತ ಮುತ್ತಾತಂದಿರಿಗೆ ಇಲ್ಲದ ಯುದ್ಧಗಳನ್ನು ಕಟ್ಟಬಲ್ಲವರು. ಆಧಾರವಿಲ್ಲದ ನೂರು ಲೇಖನಗಳ ನಡುವೆ ನಿಜವಾದ ವೀರನ ಲೇಖನವೂ ನಂಬಿಕೆ ಕಳೆದುಕೊಳ್ಳುತ್ತದೆ. ಖೋಟಾ ನಾಣ್ಯ ಹೆಚ್ಚಿದ ಪೇಟೆಯಲ್ಲಿ ಒಳ್ಳೆಯ ನಾಣ್ಯವನ್ನೂ ಕುಟ್ಟಿ ನೋಡಿಯೇ ತೆಗೆದುಕೊಳ್ಳುತ್ತಾರೆ. ಸರಿಪಡಿಸಬೇಕಾದುದು ಕೋಶದ ನಿಯಮವನ್ನಲ್ಲ, ಆಧಾರದ ಕೊರತೆಯನ್ನು. ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಕಟ್ಟದೆ ಮೂರನೆಯದಕ್ಕೆ ಹಾರುವುದು ಆಗದ ಕೆಲಸ.

ಇದೇ ದೃಷ್ಟಿಯಿಂದ ಕೆಲವು ನಿದರ್ಶನಗಳನ್ನು ವಿಂಗಡಿಸಿ ನೋಡಬಹುದು. 2007ರ ಜುಲೈ 31ರಂದು ಉರಿ ವಲಯದಲ್ಲಿ ಮಡಿದ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರಿಗೆ ಅಶೋಕ ಚಕ್ರ ಸಂದಿತು. ಅವರ ಬಗ್ಗೆ ಬರೆಹಗಳು ಸಾಕಷ್ಟಿವೆ. ಅಲ್ಲಿ ಚರ್ಚೆಗೆ ಎಡೆಯಿಲ್ಲ. ಪರಮವೀರ ಚಕ್ರ ಪಡೆದವರು ಇದುವರೆಗೆ 21 ಜನ, ಅವರಲ್ಲಿ 14 ಜನರಿಗೆ ಮರಣೋತ್ತರ. ಅವರ ಬಗೆಗೂ ಚರ್ಚೆ ಬೇಕಿಲ್ಲ. ಸಿಯಾಚಿನ್ನಿನ ಸಂಗತಿ ಸ್ವಲ್ಪ ಸೂಕ್ಷ್ಮ. 2016ರ ಫೆಬ್ರುವರಿ 3ರಂದು ಹತ್ತೊಂಬತ್ತು ಸಾವಿರ ಅಡಿಗಳಿಗೂ ಎತ್ತರದ ಸೋನಂ ಠಾಣೆಯ ಮೇಲೆ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರನೆಯ ದಿನ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ಸಿಕ್ಕರು. ದೇಶವೇ ಹರಕೆ ಹೊತ್ತಿತು. 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಪತ್ರಿಕೆಗಳು ಧಾರಾಳವಾಗಿ ಬರೆದವು. ಉಳಿದ ಒಂಬತ್ತು ಜನರ ಬಗ್ಗೆ? ಅದೇ ಹಿಮ, ಅದೇ ಕರ್ತವ್ಯ, ಅದೇ ಸಾವು. ಇಂಥಲ್ಲಿ ಘಟನೆಗೆ ಒಂದು ಲೇಖನವಿದ್ದು, ಅದರಲ್ಲಿ ಹತ್ತೂ ಹೆಸರುಗಳು, ಊರುಗಳು ಇರುವುದು ನ್ಯಾಯವಾದ ಕ್ರಮ. ಹೈಫಾದ ಮೈಸೂರು ಸವಾರರ ವಿಚಾರವೂ ಅಷ್ಟೆ. ಒಬ್ಬೊಬ್ಬನಿಗೆ ಒಂದೊಂದು ಪುಟ ಬರೆಯಲು ಆಧಾರವಿಲ್ಲ. ಮೈಸೂರು ಅಶ್ವದಳದ ಲೇಖನದಲ್ಲಿ ಅವರ ಹೆಸರುಗಳನ್ನು ಸೇರಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ.

ಕೊನೆಗೆ ಉಳಿಯುವವನು ನಮ್ಮ ಊರಿನ ಹುಡುಗ. ಅವನಿಗೆ ಪದಕ ಬರಲಿಲ್ಲ. ಅವನು ಬಿದ್ದದ್ದು ಹೆಸರಾಂತ ಯುದ್ಧದಲ್ಲಲ್ಲ. ಗಸ್ತಿನಲ್ಲಿ, ಅಪಘಾತದಲ್ಲಿ, ಎತ್ತರದ ಠಾಣೆಯ ಕಾಯಿಲೆಯಲ್ಲಿ ತೀರಿಕೊಂಡಿರಬಹುದು. ಅವನಿಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಇಂದು ನಿಲ್ಲಲಾರದು. ಇದನ್ನು ನಾವು ಮನೆಯವರಿಗೆ ಮುಚ್ಚುಮರೆಯಿಲ್ಲದೆ, ಮೃದುವಾಗಿ ಹೇಳಬೇಕು. ಬರೆದು ಹಾಕಿ, ನಾಲ್ಕು ದಿನ ಬಂಧುಗಳಿಗೆಲ್ಲ ತೋರಿಸಿ, ಆಮೇಲೆ ಅಪರಿಚಿತರು ಅದರ ಮೇಲೆ ವಾದ ಮಾಡಿ ಅಳಿಸಿಹಾಕಿದರೆ ಮನೆಯವರಿಗೆ ಅದು ಎರಡನೆಯ ಸಾವು. ಆ ನೋವನ್ನು ತಂದುಕೊಡುವ ಹಕ್ಕು ನಮಗಿಲ್ಲ. ಅವನ ಹೆಸರಿಗೆ ಬೇರೆ ನೆಲೆಗಳಿವೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅಲ್ಲಿ ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ದೆಹಲಿಗೆ ಹೋಗುವವರು ನಮ್ಮ ಸೀಮೆಯ ಹೆಸರುಗಳನ್ನು ಅಲ್ಲಿ ಹುಡುಕಿ ಗುರುತು ಹಾಕಿಕೊಂಡು ಬರಬೇಕು.

ಅದಕ್ಕಿಂತ ಹತ್ತಿರದ ಕೆಲಸ ನಮ್ಮದೇ ಆಗಿದೆ. ಗಡಿನಾಡಿನ ಕನ್ನಡ ಸೈನಿಕರ ಒಂದು ಹೊತ್ತಗೆಯನ್ನು ಸಂಘವು ಸಿದ್ಧಪಡಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಪುಟ ಸಾಕು. ಪೂರ್ಣ ಹೆಸರು ಮೂರು ಭಾಷೆಗಳ ಕಾಗುಣಿತದಲ್ಲಿ, ತಂದೆ ತಾಯಿಯರ ಹೆಸರು, ಊರಿನ ಅಂದಿನ ತಾಲ್ಲೂಕು ಜಿಲ್ಲೆ, ಇಂದಿನ ಮಂಡಲ ಜಿಲ್ಲೆ, ಸೈನ್ಯದ ಸಂಖ್ಯೆ, ದಳ, ದರ್ಜೆ, ಸೇರಿದ ದಿನ, ಮಡಿದ ದಿನ ಮತ್ತು ಸ್ಥಳ, ಓದಿದ ಶಾಲೆ. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ದೊರೆಯಿತೆಂಬುದನ್ನು ಬರೆಯಬೇಕು: ಪಿಂಚಣಿ ಪತ್ರವೋ, ಶಾಲೆಯ ದಾಖಲೆಯೋ, ಪತ್ರಿಕೆಯ ತುಣುಕೋ, ಜೊತೆಗಿದ್ದ ಸೈನಿಕನ ಮಾತೋ. ಮಾತಾದರೆ ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದೂ ಇರಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಒಂದು ಭಾವಚಿತ್ರವನ್ನೂ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಅಕ್ಷರವನ್ನೂ ಉಬ್ಬಿಸಬಾರದು. ಅಪಘಾತದಲ್ಲಿ ಸತ್ತವನನ್ನು ಶತ್ರುಗಳ ಗುಂಡಿಗೆ ಬಲಿಯಾದನೆಂದು ಬರೆದರೆ ಅವನಿಗೆ ಗೌರವ ಹೆಚ್ಚುವುದಿಲ್ಲ. ಸುಳ್ಳು ಹೊರಬಿದ್ದ ದಿನ ಇದ್ದ ಗೌರವವೂ ಹೋಗುತ್ತದೆ. ಕೆಲಸದ ಮೇಲಿದ್ದು ಸತ್ತನೆಂಬ ಒಂದು ಸಾಲಿಗೆ ಬೇರೆ ಅಲಂಕಾರ ಬೇಕಿಲ್ಲ.

ವಿಕಿಪೀಡಿಯದವರು ಆಧಾರ ಇಂಗ್ಲಿಷಿನಲ್ಲಿಯೇ ಇರಬೇಕೆಂದು ಕೇಳುವುದಿಲ್ಲ. ಅಚ್ಚಾದ ಕನ್ನಡ ಪುಸ್ತಕವಾದರೂ, ಹಳೆಯ ಪತ್ರಿಕೆಯಾದರೂ, ಪರಿಶೀಲಿಸಲು ಸಿಗುವಂತಿದ್ದರೆ ಒಪ್ಪುತ್ತಾರೆ. ನಮ್ಮ ಹೊತ್ತಗೆಯೊಂದರಿಂದಲೇ ಲೇಖನ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ. ಸಂಘವು ತನ್ನವರ ಬಗ್ಗೆ ಬರೆದದ್ದು ಸ್ವತಂತ್ರ ಸಾಕ್ಷಿಯೆಂದು ಎಲ್ಲರೂ ಒಪ್ಪಲಿಕ್ಕಿಲ್ಲ. ಆದರೆ ನಾಳೆ ಒಬ್ಬ ಸಂಶೋಧಕನೋ ಪತ್ರಿಕೆಯವನೋ ಬಂದಾಗ ಅವನ ಕೈಗೆ ಕೊಡಲು ಏನಾದರೂ ಇರಬೇಕಲ್ಲವೆ? ಪ್ರತಿಗಳನ್ನು ಸಂಘದ ಗ್ರಂಥಾಲಯಕ್ಕೂ, ಆಯಾ ಊರಿನ ಶಾಲೆಗೂ, ಎರಡೂ ರಾಜ್ಯಗಳ ದೊಡ್ಡ ಗ್ರಂಥಾಲಯಗಳಿಗೂ ಕಳುಹಿಸಿದರೆ ಒಂದು ಕಡೆ ಗೆದ್ದಲು ತಿಂದರೂ ಇನ್ನೊಂದು ಕಡೆ ಉಳಿಯುತ್ತದೆ. ಬೇಗೂರಿನ ಆಳಿನ ಕಲ್ಲನ್ನು ನಿಲ್ಲಿಸಿದವರಿಗೆ ಅದು ಸಾವಿರ ವರುಷಗಳ ಮೇಲೆ ಯಾರಿಗೆ ಉಪಯೋಗವಾದೀತೆಂಬ ಲೆಕ್ಕ ಇರಲಿಲ್ಲ. ಅವರು ಊರು, ಕಾಳಗ, ಹೆಸರು ಮೂರನ್ನೂ ಸರಿಯಾಗಿ ಬರೆಯಿಸಿದರು, ಅಷ್ಟೆ.

ಈ ಸಂಚಿಕೆಯನ್ನು ಓದುತ್ತಿರುವ ಮನೆಗಳಲ್ಲಿ ಸೈನ್ಯದಿಂದ ಬಂದ ಹಳೆಯ ಕಾಗದಗಳು, ಪದಕಗಳು, ಊರಿಗೆ ಬರೆದ ಪತ್ರಗಳು ಪೆಟ್ಟಿಗೆಯ ತಳದಲ್ಲಿ ಇರಬಹುದು. ಅವುಗಳನ್ನು ನೋಡಿದವರು, ಅವುಗಳ ಕಥೆ ಬಲ್ಲವರು ವಯಸ್ಸಾದವರು. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಸಮ್ಮೇಳನ ಮುಗಿದ ಮೇಲೆ ತರುಣರು ಎರಡೆರಡು ಊರುಗಳನ್ನು ಹಂಚಿಕೊಂಡು ಹೊರಡಲಿ. ಕಾಗುಣಿತ ತಿದ್ದುವುದಕ್ಕೂ, ಹಳೆಯ ಶಾಲಾ ದಾಖಲೆಗಳನ್ನು ಓದಿ ಹೇಳುವುದಕ್ಕೂ ನನ್ನಂಥ ನಿವೃತ್ತ ಮೇಷ್ಟ್ರುಗಳು ಸಿದ್ಧರಿದ್ದೇವೆ.